ದಿನಾ ಕಣ್ಣೆದುರೇ ಇದ್ದದ್ದು ಒಂದು ದಿನ ಹೊಸದಾಗಿ ಕಂಡ ಅನುಭವ ನಿಮಗೂ ಆಗಿದೆಯಾ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ಎರಡು ವರ್ಷ ನಾನು ಏನೂ ಬರೆದಿರಲಿಲ್ಲ. ಮೊದಲು ವಾರಕ್ಕೊಂದು ಕವನವಾದರೂ ಬರುತ್ತಿತ್ತು. ಆಮೇಲೆ ತಿಂಗಳಿಗೊಂದು. ಆಮೇಲೆ ನಿಂತೇಹೋಯಿತು. ಏಳುವುದು, ಕೆಲಸಕ್ಕೆ ಹೋಗುವುದು, ಬರುವುದು, ಮಲಗುವುದು. ಇದರಲ್ಲಿ ಬರೆಯುವಂಥದ್ದು ಏನಿದೆ ಅನ್ನಿಸುತ್ತಿತ್ತು. ಎಲ್ಲಾದರೂ ದೂರ ಹೋಗಿ ಬಂದರೆ ಸರಿಹೋಗಬಹುದು ಅಂದುಕೊಂಡೆ. ಹೋಗಿಯೂ ಬಂದೆ. ಫೋನಿನ ತುಂಬ ಫೋಟೋ ಬಂತು, ಒಂದು ಸಾಲೂ ಬರಲಿಲ್ಲ.

ಹೋದ ತಿಂಗಳು ಒಂದು ಸಂಜೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ನನ್ನದೇ ಒಂದು ಹಳೇ ಅಂಗಿ. ಅದಕ್ಕೆ ಆರು ಗುಂಡಿ. ಐದಕ್ಕೆ ದಾರ ಒಂದರ ಮೇಲೊಂದು ದಾಟಿ, ಗುಣಾಕಾರದ ಗುರುತಿನ ಹಾಗೆ ಹೊಲಿದಿದೆ. ಮೇಲಿನಿಂದ ಮೂರನೆಯದಕ್ಕೆ ಮಾತ್ರ ಎರಡು ಗೆರೆ ಪಕ್ಕಪಕ್ಕ. ದಾರದ ಬಣ್ಣವೂ ಒಂಚೂರು ಗಾಢ. ಬಟ್ಟೆ ತಿರುಗಿಸಿ ನೋಡಿದೆ. ಹಿಂದೆ ಗಂಟು. ಒಂದಲ್ಲ, ನಾಲ್ಕು, ಒಂದರ ಮೇಲೊಂದು ಹಾಕಿ ಸಣ್ಣ ಕಾಳಿನಷ್ಟು ದಪ್ಪವಾಗಿದೆ. ಅಷ್ಟು ಗಂಟು ಹಾಕುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ. ಅಪ್ಪ. ಏನು ಕಟ್ಟಿದರೂ ಅವರಿಗೆ ಒಂದು ಗಂಟಿನ ಮೇಲೆ ನಂಬಿಕೆ ಇರಲಿಲ್ಲ.

ಅಪ್ಪ ಹೋಗಿ ಆರು ವರ್ಷ ಆಯಿತು. ಈ ಗುಂಡಿ ಯಾವಾಗ ಹೊಲಿದರು ಅಂತ ನನಗೆ ನೆನಪಿಲ್ಲ. ನಾನು ಕೇಳಿರಲೂ ಇಲ್ಲ. ಬಿದ್ದದ್ದು ನೋಡಿ ತಾವೇ ಹೊಲಿದಿಟ್ಟಿರಬೇಕು. ಇಷ್ಟು ವರ್ಷ ಆ ಅಂಗಿ ತೊಟ್ಟಾಗಲೆಲ್ಲ ನನ್ನ ಬೆರಳು ಆ ಗಂಟಿನ ಮೇಲೆ ಹೋಗಿ ಬಂದಿದೆ.

ಆ ರಾತ್ರಿ ಹನ್ನೆರಡು ಸಾಲು ಬರೆದೆ. ಅಳುತ್ತಲೇ ಬರೆದೆ. ಆದರೆ ಬರೆದು ಮುಗಿಸಿ ಎದ್ದಾಗ ಇದ್ದದ್ದು ಸಂತೋಷವೇ, ಬೇರೆ ಹೆಸರು ಗೊತ್ತಿಲ್ಲ.

ಅವತ್ತಿನಿಂದ ಒಂದೇ ಯೋಚನೆ. ನನಗೆ ಬೇಕಾಗಿದ್ದದ್ದು ಹೊಸ ವಸ್ತು ಅಲ್ಲ. ಒಂದು ಹಳೇ ವಸ್ತುವಿನ ಹತ್ತಿರ ಅಗತ್ಯಕ್ಕಿಂತ ಅರ್ಧ ನಿಮಿಷ ಜಾಸ್ತಿ ನಿಲ್ಲುವುದು, ಅಷ್ಟೇ. ಹೌದೋ ಅಲ್ಲವೋ ನೀವು ಹೇಳಿ. ಯಾವ ದಿನನಿತ್ಯದ ವಿಷಯದಿಂದ ನಿಮಗೆ ಬರೆಯುವ, ಬಿಡಿಸುವ, ಹಾಡುವ, ಏನಾದರೂ ಮಾಡುವ ಮನಸ್ಸು ಬಂತು? "ಪ್ರಕೃತಿ ನೋಡಿ ಖುಷಿಯಾಯಿತು" ಅಂತ ಒಟ್ಟಾರೆ ಬೇಡ. ಒಂದು ವಸ್ತು, ಒಂದು ಗಳಿಗೆ ಹೇಳಿ.

ಕಿಟಕಿಸೀಟು

ನಾನು ದಿನಾ ಕತ್ತಲಾದ ಮೇಲೆ ಬಸ್ಸಲ್ಲಿ ವಾಪಸ್ ಬರುವವಳು. ಒಳಗೆ ದೀಪ ಹಾಕಿದ ಕೂಡಲೇ ಕಿಟಕಿ ಗಾಜಿನಲ್ಲಿ ಹೊರಗಿನ ರಸ್ತೆಯ ಮೇಲೆ ಒಳಗಿನವರ ಮುಖ ಕಾಣುತ್ತದೆ. ಒಬ್ಬ ಅಜ್ಜನ ಹಣೆಯೊಳಗಿಂದ ಒಂದು ಅಂಗಡಿ ದಾಟಿ ಹೋಯಿತು. ಅದನ್ನು ಪೆನ್ಸಿಲ್‌ನಲ್ಲಿ ಬಿಡಿಸಲು ಹೋಗಿ ನಾಲ್ಕು ತಿಂಗಳಾಯಿತು, ಇನ್ನೂ ಬಿಡಿಸುತ್ತಲೇ ಇದ್ದೇನೆ. ಎರಡು ಚಿತ್ರ ಒಂದರ ಮೇಲೊಂದು ಬರಬೇಕು, ಯಾವುದೂ ಸಾಯಬಾರದು. ಕಷ್ಟ ಇದೆ. ಆದರೆ ಈಗ ಬಸ್ಸು ತಡವಾದರೆ ಬೇಜಾರಿಲ್ಲ.

ಸಾಬೂನುಗುಳ್ಳೆ

ನೀಲಿಶಾಯಿ ಅವರೇ, ಗುಂಡಿಯ ವಿಷಯ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ನನ್ನ ಜಾಗ ಪಾತ್ರೆ ತೊಳೆಯುವ ತೊಟ್ಟಿ. ಒಂದು ಸಲ ಜಿಡ್ಡು ಹಿಡಿದ ಅಗಲ ಪಾತ್ರೆಗೆ ನೀರು ತುಂಬಿಟ್ಟಿದ್ದೆ. ಮೇಲೆ ತೆಳ್ಳಗೆ ಎಣ್ಣೆಯ ಪೊರೆ. ಸಾಬೂನು ಹತ್ತಿದ ಬೆರಳನ್ನು ನಡುವಲ್ಲಿ ತಾಗಿಸಿದೆ ಅಷ್ಟೇ, ಪೊರೆ ಪೂರ್ತಿ ಅಂಚಿಗೆ ಓಡಿಹೋಯಿತು. ಹೆದರಿದ ಹಾಗೆ. ಎಷ್ಟೋ ವರ್ಷದಿಂದ ನಡೆಯುತ್ತಿದ್ದದ್ದೇ, ನಾನು ನೋಡಿದ್ದು ಅವತ್ತು. ಯಾಕೆ ಹೀಗಾಗುತ್ತದೆ ಅಂತ ಹುಡುಕಲು ಹೋದಾಗ ಒಬ್ಬ ಹೆಣ್ಣುಮಗಳ ಕಥೆ ಸಿಕ್ಕಿತು. ಅದನ್ನು ಇಲ್ಲಿ ಹೇಳಲೇಬೇಕು.

ಆಗ್ನೆಸ್ ಪಾಕೆಲ್ಸ್ ಅಂತ. ಹುಟ್ಟಿದ್ದು 1862ರಲ್ಲಿ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಮನೆ. ವಿಜ್ಞಾನ ಅಂದರೆ ಪ್ರಾಣ. ಆದರೆ ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮ ಹೋಗಿ ಭೌತಶಾಸ್ತ್ರ ಓದಿದ. ಇವರು ಮನೆಯಲ್ಲಿ ಉಳಿದು, ಕಾಯಿಲೆಯ ಅಪ್ಪ ಅಮ್ಮನನ್ನು ನೋಡಿಕೊಂಡರು. ಮನೆಗೆಲಸದ ನಡುವೆಯೇ ನೀರಿನ ಮೇಲ್ಮೈ ಮೇಲೆ ಜಿಡ್ಡು, ಸಾಬೂನು ಏನು ಮಾಡುತ್ತವೆ ಅಂತ ಗಮನಿಸತೊಡಗಿದರು. ತಗಡಿನ ಒಂದು ಆಳವಿಲ್ಲದ ತೊಟ್ಟಿ. ಅದರ ಮೇಲೆ ಅಡ್ಡಲಾಗಿ ಒಂದು ಲೋಹದ ಪಟ್ಟಿ. ಪಟ್ಟಿಯನ್ನು ಅತ್ತ ಇತ್ತ ಸರಿಸಿದರೆ ನೀರಿನ ಮೇಲ್ಮೈ ಹಿಗ್ಗುತ್ತದೆ, ಕುಗ್ಗುತ್ತದೆ. ಗುಂಡಿಯಷ್ಟು ಚಿಕ್ಕ ಬಿಲ್ಲೆಯೊಂದನ್ನು ನೀರಿಗೆ ತಾಗಿಸಿ, ಅದನ್ನು ಮೇಲೆತ್ತಲು ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ಅಳೆದರು. ಹೀಗೆ ಹತ್ತು ವರ್ಷದ ಹತ್ತಿರ ಒಬ್ಬರೇ!

1891ರ ಜನವರಿಯಲ್ಲಿ ಲಾರ್ಡ್ ರೇಲಿ ಎಂಬ ದೊಡ್ಡ ವಿಜ್ಞಾನಿಗೆ ಪತ್ರ ಬರೆದರು. ಜರ್ಮನ್‌ನಲ್ಲಿತ್ತು. ರೇಲಿಯ ಹೆಂಡತಿ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. ರೇಲಿ ಅದನ್ನು ತಾವು ಇಟ್ಟುಕೊಳ್ಳದೆ 'ನೇಚರ್' ಪತ್ರಿಕೆಗೆ ಕಳಿಸಿದರು. ಅದೇ ಮಾರ್ಚಿನಲ್ಲಿ ಅಚ್ಚಾಯಿತು. ಆ ತೊಟ್ಟಿಯನ್ನೇ ಮುಂದೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಸುಧಾರಿಸಿ ಬಳಸಿದರು. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಆಗ್ನೆಸ್ ಅವರಿಗೆ ಊರಿನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಎಪ್ಪತ್ತು ದಾಟಿದ್ದೋ ದಾಟುತ್ತಿದ್ದದ್ದೋ ವಯಸ್ಸು.

ನನಗೆ ನೊಬೆಲ್‌ಗಿಂತ ಆ ಹತ್ತು ವರ್ಷ ಹಿಡಿಸಿತು. ಯಾರೂ ಕೇಳದಿದ್ದರೂ, ಯಾರಿಗೂ ತೋರಿಸದೆ, ಅದೇ ನೀರನ್ನು ನೋಡುತ್ತ ಕೂತದ್ದು. ಈಗ ನಾನು ಸಾಬೂನಿನ ಬಣ್ಣಗಳನ್ನು ಗಾಜಿನ ಮೇಲೆ ಚಿತ್ರವಾಗಿ ಮಾಡುತ್ತಿದ್ದೇನೆ. ಗುಳ್ಳೆ ಒಡೆಯುವ ಮೊದಲು ಅದರ ನೆತ್ತಿಯ ಮೇಲೆ ಒಂದು ಕಪ್ಪು ಚುಕ್ಕೆ ಬರುತ್ತದೆ, ನೋಡಿದ್ದೀರಾ? ಅಲ್ಲಿ ಪೊರೆ ತೀರಾ ತೆಳ್ಳಗಾಗಿರುತ್ತದೆ, ಬಣ್ಣ ಹುಟ್ಟುವಷ್ಟೂ ದಪ್ಪ ಉಳಿದಿರುವುದಿಲ್ಲ.

ರಾತ್ರಿಪಾಳಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಮಾತೂ ಇರಲಿ.

ಅಮ್ಮ ಹಾಸಿಗೆ ಹಿಡಿದು ನಾಲ್ಕು ವರ್ಷ. ಹಗಲು ಕೆಲಸ, ರಾತ್ರಿ ಅಮ್ಮನ ಪಕ್ಕ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮೊದಲು ನಾನು ಕಥೆ ಬರೆಯುತ್ತಿದ್ದೆ. ನೋಡಲು ಬಂದವರೆಲ್ಲ ಹೇಳುತ್ತಾರೆ, ಸಣ್ಣ ಸಣ್ಣದರಲ್ಲಿ ಸಂತೋಷ ಹುಡುಕು ಅಂತ. ಅದು ಕೇಳಿದಾಗ ಇನ್ನೊಂದು ಕೆಲಸ ತಲೆ ಮೇಲೆ ಬಿದ್ದ ಹಾಗಾಗುತ್ತದೆ. ಮಗ್ಗುಲು ಬದಲಿಸು, ಔಷಧಿ ಕೊಡು, ಹಾಸಿಗೆ ಬಟ್ಟೆ ಒಗೆ, ಸಂತೋಷ ಹುಡುಕು. ಸಿಗದಿದ್ದರೆ ಅದೂ ನನ್ನದೇ ತಪ್ಪು.

ಯಾರ ಮೇಲೂ ಕೋಪವಿಲ್ಲ. ನನ್ನಂಥವರೂ ಇದನ್ನು ಓದುತ್ತಾರೆ ಅಂತ ಗೊತ್ತಿರಲಿ ಅಂತ ಬರೆದೆ.

ನೀಲಿಶಾಯಿ

ರಾತ್ರಿಪಾಳಿ ಅವರೇ, ಬರೆದದ್ದು ಒಳ್ಳೆಯದಾಯಿತು. ಸಂತೋಷ ಹುಡುಕಿ ಅಂತ ನಾನು ನಿಮಗೆ ಹೇಳುವುದಿಲ್ಲ. ಅಪ್ಪನ ಕೊನೆಯ ವರ್ಷ ನಾನೂ ರಾತ್ರಿ ಎದ್ದಿದ್ದೇನೆ. ಆಗ ನನಗೂ ಏನೂ ಕಂಡಿರಲಿಲ್ಲ. ಅಂಗಿಯ ಗುಂಡಿ ಕಂಡದ್ದು ಆರು ವರ್ಷ ಬಿಟ್ಟು, ಕಣ್ತುಂಬ ನಿದ್ದೆ ಮಾಡಿ ಎದ್ದ ದಿನ. ನಿದ್ದೆ ಇಲ್ಲದವರ ಕಣ್ಣಿಗೆ ಏನೂ ಕಾಣದಿದ್ದರೆ ಅದು ಅವರ ತಪ್ಪಲ್ಲ. ನಿಮಗೆ ಮೊದಲು ಬೇಕಾಗಿರುವುದು ಒಂದು ರಾತ್ರಿ ನಿಮ್ಮ ಜಾಗದಲ್ಲಿ ಕೂರುವ ಇನ್ನೊಬ್ಬರು. ಅಂಥವರು ಯಾರಾದರೂ ಇದ್ದಾರಾ?

ಸಾಬೂನುಗುಳ್ಳೆ

ಆಗ್ನೆಸ್ ಕೂಡ ಅಪ್ಪ ಅಮ್ಮನನ್ನು ನೋಡಿಕೊಂಡರು ಅಂತ ನಾನು ಬರೆದದ್ದು ನಿಮಗೆ ಚುಚ್ಚಿದ್ದರೆ ಕ್ಷಮಿಸಿ. ಅದು ಸಲೀಸಾಗಿತ್ತು ಅನ್ನುವ ಅರ್ಥ ಬರಬಾರದಿತ್ತು. ಆ ಸೇವೆಯಲ್ಲಿ ಅವರ ಆರೋಗ್ಯವೂ ಕೆಟ್ಟಿತ್ತು.

ಕಣ್ಣಳತೆ

ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಣ್ಣೆದುರೇ ಇದ್ದದ್ದು ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಒಂದು ಪುಟ್ಟ ಪ್ರಯೋಗ ಹೇಳುತ್ತೇನೆ. ಈಗಲೇ ಮಾಡಿ ನೋಡಬಹುದು.

ಬಿಳಿ ಹಾಳೆಯ ನಡುವೆ ಒಂದು ಕಪ್ಪು ಚುಕ್ಕೆ ಇಡಿ. ನಾಲ್ಕು ಬೆರಳು ಪಕ್ಕದಲ್ಲಿ ಪೆನ್ಸಿಲ್ ತಿಕ್ಕಿ, ಬೆರಳಲ್ಲಿ ಸವರಿ, ಒಂದು ಮಸುಕು ಕಲೆ ಮಾಡಿ. ಅಂಚು ಗಟ್ಟಿ ಇರಬಾರದು. ಈಗ ಹಾಳೆ ಹತ್ತಿರ ಹಿಡಿದು ಚುಕ್ಕೆಯನ್ನೇ ನೋಡಿ. ಕಣ್ಣು ಆಡಿಸಬೇಡಿ. ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಪಕ್ಕದ ಕಲೆ ನಿಧಾನಕ್ಕೆ ಕರಗಿ, ಬಿಳಿ ಹಾಳೆ ಮಾತ್ರ ಉಳಿಯುತ್ತದೆ. ಕಣ್ಣು ಸ್ವಲ್ಪ ಸರಿಸಿದರೆ ಕಲೆ ಮತ್ತೆ ಹಾಜರು.

ಇದನ್ನು 1804ರಲ್ಲಿ ಸ್ವಿಟ್ಜರ್ಲೆಂಡಿನ ಟ್ರಾಕ್ಸ್‌ಲರ್ ಅನ್ನುವ ವೈದ್ಯ ಬರೆದಿಟ್ಟರು. ನಾವು ಒಂದೇ ಕಡೆ ನೋಡುತ್ತಿದ್ದೇವೆ ಅಂದುಕೊಂಡಾಗಲೂ ಕಣ್ಣು ಸಣ್ಣಗೆ ಅಲುಗುತ್ತಲೇ ಇರುತ್ತದೆ. ಆ ಅಲುಗಾಟವೇ ನೋಟವನ್ನು ಜೀವಂತ ಇಡುವುದು. ಬದಲಾಗದೆ ಇರುವುದನ್ನು ಕಣ್ಣು, ಮಿದುಳು ಎರಡೂ ಮೆಲ್ಲಗೆ ಅಳಿಸಿಬಿಡುತ್ತವೆ. ಗಡಿಯಾರದ ಟಿಕ್ ಟಿಕ್ ಕಿವಿಗೆ ಬೀಳದ ಹಾಗೆ. ಕೈಗಡಿಯಾರ ಮಣಿಕಟ್ಟಿನ ಮೇಲೆ ಇದೆ ಅಂತಲೇ ಗೊತ್ತಾಗದ ಹಾಗೆ.

ಹಾಗಾಗಿ ನನಗೆ ಅನ್ನಿಸುವುದು ನೀಲಿಶಾಯಿ ಹೇಳಿದ್ದಕ್ಕಿಂತ ಒಂಚೂರು ಬೇರೆ. ಸುಮ್ನೆ ಜಾಸ್ತಿ ಹೊತ್ತು ನಿಂತರೆ ಸಾಲದು. ನಿಂತ ಜಾಗ ಬದಲಾಗಬೇಕು. ನೀವು ಅಂಗಿಯನ್ನು ತಿರುಗಿಸಿ ಹಿಂದಿನ ಗಂಟು ನೋಡಿದಿರಲ್ಲ, ಆಗಲೇ ಅಪ್ಪ ಸಿಕ್ಕಿದ್ದು. ನಾನು ತಿಂಗಳಿಗೊಮ್ಮೆ ನನ್ನ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತೇನೆ, ಮೇಜಿನ ಅಡಿ ತಲೆ ಇಟ್ಟು. ಮೇಜಿನ ಕೆಳಮೈಯಲ್ಲಿ ಬಡಗಿ ಪೆನ್ಸಿಲ್‌ನಲ್ಲಿ ಅಳತೆ ಬರೆದಿದ್ದಾನೆ. ಒಂದು ಕಡೆ ತಪ್ಪಿ, ಹೊಡೆದುಹಾಕಿ, ಪಕ್ಕದಲ್ಲಿ ಸರಿ ಬರೆದಿದ್ದಾನೆ. ಹನ್ನೊಂದು ವರ್ಷ ಅದೇ ಮೇಜಿನ ಮೇಲೆ ಕೆಲಸ ಮಾಡಿದ್ದೆ!

ನೀಲಿಶಾಯಿ

ನಿಜ. ನೀವು ಹೇಳಿದ್ದು ಸರಿ. ತಿರುಗಿಸದೆ ಇದ್ದಿದ್ದರೆ ಅದು ಬೇರೆ ಬಣ್ಣದ ದಾರ ಅಷ್ಟೇ ಆಗಿ ಉಳಿಯುತ್ತಿತ್ತು. ಪ್ರಯೋಗವನ್ನೂ ಮಾಡಿದೆ. ಕಲೆ ಹೋಯಿತು. ಮೈ ಜುಂ ಎಂದಿತು.

ಹಿಮಚಿತ್ರ

ನಾನು ಕ್ಯಾಮೆರಾ ಹಿಡಿಯುವವನು. ಜಾಗ ಬದಲಿಸುವ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಅಳತೆಯನ್ನೂ ಬದಲಿಸಿ. ಅಂದರೆ ತುಂಬ ಹತ್ತಿರ ಹೋಗಿ.

ನಾನು ಮನಸ್ಸಲ್ಲೇ ಗುರು ಅಂತ ಇಟ್ಟುಕೊಂಡಿರುವುದು ವಿಲ್ಸನ್ ಬೆಂಟ್ಲಿ ಅವರನ್ನು. ಅಮೆರಿಕದ ವರ್ಮಾಂಟ್‌ನ ಜೆರಿಕೊ ಅನ್ನುವ ಹಳ್ಳಿಯ ರೈತ. ಹದಿನೈದನೇ ವಯಸ್ಸಲ್ಲಿ ತಾಯಿ ಒಂದು ಸೂಕ್ಷ್ಮದರ್ಶಕ ಕೊಟ್ಟರು. ಹುಡುಗ ಅದರಲ್ಲಿ ಹಿಮದ ಹರಳು ನೋಡಿದ, ಕೈಯಲ್ಲಿ ಚಿತ್ರ ಬಿಡಿಸಲು ಹೊರಟ. ಅರ್ಧ ಬಿಡಿಸುವಷ್ಟರಲ್ಲಿ ಹರಳು ಕರಗಿಹೋಗುತ್ತಿತ್ತು. ವರ್ಷಗಟ್ಟಲೆ ಹೀಗೆ. ಕೊನೆಗೆ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ 1885ರ ಜನವರಿ 15ರಂದು ಮೊದಲ ಹರಳಿನ ಫೋಟೋ ತೆಗೆದರು. ಆಗ ವಯಸ್ಸು 19. ಉಸಿರು ತಾಗಿದರೆ ಕರಗುತ್ತದೆ, ಹಾಗಾಗಿ ಉಸಿರು ಬಿಗಿಹಿಡಿದು ಕೆಲಸ. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ 5,000ಕ್ಕೂ ಜಾಸ್ತಿ ಹರಳುಗಳ ಚಿತ್ರ ತೆಗೆದಿದ್ದರು.

ಆ ಊರಿನವರಿಗೆ ಹಿಮ ಅಂದರೆ ಸಲಿಕೆಯಲ್ಲಿ ಎತ್ತಿ ಪಕ್ಕಕ್ಕೆ ಹಾಕುವ ವಸ್ತು. ಅದೇ ಹಿಮ ಇವರ ಅಂಗಳಕ್ಕೂ ಬೀಳುತ್ತಿತ್ತು. ಬೇರೆ ಊರಿಗೆ ಹೋಗಿ ಹುಡುಕಲಿಲ್ಲ.

ನಾನು ಈಗ ತುಕ್ಕಿನ ಚಿತ್ರ ತೆಗೆಯುತ್ತೇನೆ. ಒಂದು ಗೇಟಿನ ತುಕ್ಕು, ಅಷ್ಟೇ. ಬೀಗ ಹಾಕುವ ಕಡೆ ಕೈ ತಾಗಿ ತಾಗಿ ಕಬ್ಬಿಣ ಹೊಳೆಯುತ್ತದೆ. ನಾಲ್ಕು ಬೆರಳು ಆಚೆ ಕಿತ್ತಳೆ ಬಣ್ಣದ ಪುಡಿ. ನಡುವಿನ ಗಡಿ ಮಳೆಗಾಲಕ್ಕೆ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ.

ಬಿಡಿಹಾಳೆ

ಹಿಮಚಿತ್ರ ಸರ್, ಒಂದು ಪ್ರಶ್ನೆ. ಫೋಟೋ ತೆಗೆದರೆ ನೋಡುವುದೇ ಕಡಿಮೆಯಾಗುತ್ತದೆ ಅನ್ನುತ್ತಾರಲ್ಲ? ನನಗಂತೂ ಹಾಗೇ ಆಗಿದೆ. ಕ್ಲಿಕ್ ಮಾಡಿದ ಕೂಡಲೇ "ಆಯ್ತು, ಸಿಕ್ತು" ಅನ್ನಿಸಿ ಮುಂದೆ ಹೋಗುತ್ತೇನೆ.

ಹಿಮಚಿತ್ರ

ಅದು ನಿಜವೇ. ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ ಇದನ್ನು ಪರೀಕ್ಷಿಸಿದ್ದಾರೆ, 2014ರಲ್ಲಿ ಪ್ರಕಟವಾಯಿತು. ಮ್ಯೂಸಿಯಂನಲ್ಲಿ ಕೆಲವು ವಸ್ತು ಸುಮ್ನೆ ನೋಡಿ, ಕೆಲವನ್ನು ಫೋಟೋ ತೆಗೆಯಿರಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಮರುದಿನ ಕೇಳಿದರೆ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರ ನೆನಪು ಕೆಡಲಿಲ್ಲ. ಜೂಮ್ ಮಾಡದ ಉಳಿದ ಭಾಗವೂ ನೆನಪಿತ್ತು.

ಯಾವ ಭಾಗ ಅಂತ ಆರಿಸಲು ಮೊದಲು ನೋಡಲೇಬೇಕಲ್ವಾ? ಕ್ಯಾಮೆರಾ ಜೇಬಿಂದ ತೆಗೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಲ್ಲಿ ಯಾವ ತುಂಡು ಬೇಕು? ಉತ್ತರ ಬರದಿದ್ದರೆ ತೆಗೆಯುವುದಿಲ್ಲ.

ಸೀಮೆಸುಣ್ಣ

ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬರವಣಿಗೆ ಅಂದರೆ ಮಕ್ಕಳು ಮೊದಲು ಬರೆಯುವುದು ದೊಡ್ಡ ದೊಡ್ಡ ಮಾತು. "ನಿಸರ್ಗವು ರಮಣೀಯವಾಗಿದೆ" ತರಹದ್ದು. ಅವರ ತಪ್ಪಲ್ಲ, ನಾವೇ ಕಲಿಸಿದ್ದು. ಅದಕ್ಕೆ ಒಂದು ದಿನ ಹೇಳಿದೆ: ಇವತ್ತು ಈ ತರಗತಿಯ ಬಾಗಿಲಿನ ಬಗ್ಗೆ ಹತ್ತು ನಿಮಿಷ ಬರೆಯಿರಿ. ಚೆಂದ, ಅದ್ಭುತ, ಸುಂದರ ಅನ್ನುವ ಮಾತು ಬರಬಾರದು. ಪೆನ್ನು ನಿಲ್ಲಿಸಬಾರದು.

ಮೊದಲ ಮೂರು ನಿಮಿಷ ಎಲ್ಲರದೂ ಒಂದೇ. ಬಾಗಿಲು ಮರದ್ದು, ಹಸಿರು ಬಣ್ಣ, ಒಂದು ಚಿಲಕ ಇದೆ. ಆಮೇಲೆ ಪೆನ್ನು ಕಚ್ಚತೊಡಗಿದರು. ಬರೆಯಲು ಏನೂ ಇಲ್ಲ ಟೀಚರ್ ಅಂದರು. ಇರಲಿ, ನೋಡುತ್ತಿರಿ ಅಂದೆ. ಆರನೇ ನಿಮಿಷಕ್ಕೆ ಒಬ್ಬ ಎದ್ದು ಬಾಗಿಲ ಹತ್ತಿರ ಹೋದ. ನಾನು ತಡೆಯಲಿಲ್ಲ. ಅವನ ಹಿಂದೆ ಇನ್ನಿಬ್ಬರು. ಒಬ್ಬಳು ನೆಲಕ್ಕೆ ಬಗ್ಗಿ ಬಾಗಿಲ ಕೆಳಗಿನ ಸಂದಿಯಲ್ಲಿ ನೋಡಿದಳು.

ಒಂದು ಹುಡುಗಿ ಬರೆದದ್ದನ್ನು ಹಾಗೇ ಹಾಕುತ್ತೇನೆ:

"ಬಾಗಿಲಿನ ಕೆಳಗಡೆ ಬಣ್ಣ ಹೋಗಿದೆ, ಎಲ್ಲರೂ ಕಾಲಲ್ಲಿ ತಳ್ಳುತ್ತಾರೆ. ನಡುವೆ ಬಣ್ಣ ಹೋಗಿದೆ, ಎಲ್ಲರೂ ಕೈಯಲ್ಲಿ ತಳ್ಳುತ್ತಾರೆ. ಮೇಲೆ ಬಣ್ಣ ಹೊಸದಾಗೇ ಇದೆ. ಅಲ್ಲಿಗೆ ಯಾರೂ ಮುಟ್ಟುವುದಿಲ್ಲ. ಬಾಗಿಲಿಗೆ ಅಲ್ಲಿ ಬೇಜಾರಾಗುತ್ತದೆ."

ನಾನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಇಂಥ ಸಾಲು ಪ್ರಬಂಧದ ವಿಷಯ ಕೊಟ್ಟಾಗ ಒಂದೂ ಬಂದಿರಲಿಲ್ಲ. ಸಾಲು ಓದಿದ ಮೇಲೆ ಇಡೀ ತರಗತಿ ತಿರುಗಿ ಬಾಗಿಲಿನ ಮೇಲ್ಭಾಗ ನೋಡಿತು. ಊಟದ ಬಿಡುವಿನಲ್ಲಿ ಇಬ್ಬರು ಬೆಂಚು ತಂದು ಅಲ್ಲಿ ಮುಟ್ಟಲು ಹೊರಟಿದ್ದರು, ಬೀಳುತ್ತೀರಿ ಅಂತ ಇಳಿಸಿದೆ.

ಇಲ್ಲಿ ಬರೆಯಲು ಕಷ್ಟಪಡುತ್ತಿರುವವರಿಗೆ ಹೇಳುವುದು ಇದೇ. ಆ ನಾಲ್ಕನೇ ಐದನೇ ನಿಮಿಷದ ಬೇಜಾರನ್ನು ದಾಟಿ. ಗೊತ್ತಿದ್ದದ್ದು ಮುಗಿದಾಗ ಬೇಜಾರು ಬರುತ್ತದೆ. ನೋಡುವುದು ಶುರುವಾಗುವುದು ಅದರ ನಂತರ. ಹೆಚ್ಚಿನವರು ಅಷ್ಟರಲ್ಲಿ ಫೋನು ಎತ್ತಿಕೊಳ್ಳುತ್ತಾರೆ.

ಕಿಟಕಿಸೀಟು

ಟೀಚರ್, "ಬಾಗಿಲಿಗೆ ಅಲ್ಲಿ ಬೇಜಾರಾಗುತ್ತದೆ" ಓದಿ ಕಣ್ಣು ತುಂಬಿತು. ಆ ಮಗುವಿಗೆ ಹೇಳಿ, ಬಸ್ಸಲ್ಲಿ ಒಬ್ಬ ಅಕ್ಕ ಈಗ ಬಾಗಿಲ ಮೇಲ್ಭಾಗವನ್ನೇ ನೋಡುತ್ತ ಬರುತ್ತಾಳೆ ಅಂತ.

ಕಾಲ್ದಾರಿ

ನನಗೆ ಕೂತರೆ ಏನೂ ಬರುವುದಿಲ್ಲ. ನಡೆಯಬೇಕು. ರಾಗ ಕಟ್ಟುವವನು ನಾನು. ಹೆಜ್ಜೆಯ ಮೇಲೆ ಸಾಲು ಕೂರುತ್ತದೆ.

ಸ್ಟ್ಯಾನ್‌ಫರ್ಡ್‌ನಲ್ಲಿ ಇಬ್ಬರು ಸಂಶೋಧಕರು, ಮ್ಯಾರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಜ್, ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಬರೆದಿದ್ದಾರೆ. ಒಂದು ಸಾಮಾನ್ಯ ವಸ್ತುವಿನ ಹೆಸರು ಹೇಳುವುದು, ಅದನ್ನು ಬೇರೆ ಯಾವುದಕ್ಕೆಲ್ಲ ಬಳಸಬಹುದು ಅಂತ ಕೇಳುವುದು. ಕೂತಿದ್ದಾಗಿನದಕ್ಕಿಂತ ನಡೆಯುವಾಗ ಸರಾಸರಿ 60% ಜಾಸ್ತಿ ಹೊಸ ಯೋಚನೆ ಬಂದವು. ನನಗೆ ಹಿಡಿಸಿದ್ದು ಬೇರೆ. ಕೋಣೆಯೊಳಗೆ ಟ್ರೆಡ್‌ಮಿಲ್ ಮೇಲೆ, ಖಾಲಿ ಗೋಡೆ ನೋಡುತ್ತ ನಡೆದರೂ ಲಾಭ ಇತ್ತು. ಅಂದರೆ ಚೆಂದದ ಜಾಗವೇ ಬೇಕು ಅಂತಿಲ್ಲ. ಆದರೆ ಒಂದೇ ಸರಿ ಉತ್ತರ ಇರುವ ಪದದ ಒಗಟಿಗೆ ನಡಿಗೆ ಸಹಾಯ ಮಾಡಲಿಲ್ಲ, ಸ್ವಲ್ಪ ಹಿಂದೆಯೇ ಬಿದ್ದರು. ಹಾಗಾಗಿ ರಾಗ ಹುಟ್ಟುವುದು ರಸ್ತೆಯಲ್ಲಿ, ತಿದ್ದುವುದು ಕೂತು. ನನ್ನ ಅನುಭವವೂ ಅದೇ.

ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ನಡೆಯಿರಿ. ಅದೊಂದೇ ಷರತ್ತು.

ಬಿಡಿಹಾಳೆ

ನನ್ನದು ಒಂದು ನೋವಿನ ವಿಷಯ. ಮೂರು ವರ್ಷ ದಿನಕ್ಕೆ ಒಂದು ಸಾಲು ಫೋನಿನ ಒಂದು ಆ್ಯಪ್‌ನಲ್ಲಿ ಬರೆದಿಟ್ಟಿದ್ದೆ. ಒಂದು ದಿನ ಅದು ನಿಂತುಹೋಯಿತು. ಸಾವಿರ ಸಾಲು ಹೋಯಿತು. ದೊಡ್ಡ ವಿಷಯವೇನೂ ಇರಲಿಲ್ಲ. "ಇವತ್ತು ಲಿಫ್ಟ್‌ನಲ್ಲಿ ಒಬ್ಬರು ಎರಡೂ ಕಾಲಿಗೆ ಬೇರೆ ಬೇರೆ ಬಣ್ಣದ ಚಪ್ಪಲಿ ಹಾಕಿದ್ದರು" ಅಷ್ಟೇ. ಬರೆಯುವಾಗ ಇದನ್ನು ಯಾರು ಓದುತ್ತಾರೆ ಅನ್ನಿಸುತ್ತಿತ್ತು. ಹೋದ ಮೇಲೆ ಗೊತ್ತಾಯಿತು, ಓದುವವಳು ನಾನೇ.

ಮದುವೆ, ಪ್ರವಾಸ ಎಲ್ಲದರ ಫೋಟೋ ಬೇರೆ ಕಡೆ ಭದ್ರವಾಗಿದೆ. ಅವುಗಳನ್ನು ತೆಗೆದು ನೋಡುವುದೇ ಇಲ್ಲ. ನನಗೆ ಬೇಕಾಗಿರುವುದು ಆ ಚಪ್ಪಲಿ.

ಈಗ ಪುಸ್ತಕದಲ್ಲಿ ಬರೆಯುತ್ತೇನೆ. ದಿನಕ್ಕೆ ಒಂದೇ ಸಾಲು. ಒಂದು ನಿಯಮ ಇದೆ, ಸಾಲಿನಲ್ಲಿ ನನಗೆ ಏನನ್ನಿಸಿತು ಅಂತ ಬರಬಾರದು. ಕಂಡದ್ದು ಕೇಳಿದ್ದು ಮಾತ್ರ. ಅನ್ನಿಸಿದ್ದು ಹೇಗೂ ಅದರ ಹಿಂದೆ ಬರುತ್ತದೆ.

ಸೀಮೆಸುಣ್ಣ

ಬಿಡಿಹಾಳೆ ಅವರೇ, ಛೇ, ಓದಿ ಸಂಕಟವಾಯಿತು. ನೀವು ಹೇಳಿದ್ದನ್ನೇ ಹಾರ್ವರ್ಡ್‌ನಲ್ಲಿ ಕೆಲವರು ಪರೀಕ್ಷೆ ಮಾಡಿದ್ದಾರೆ, ಅದೂ 2014ರಲ್ಲೇ. ವಿದ್ಯಾರ್ಥಿಗಳಿಂದ ಸಾಮಾನ್ಯ ವಿಷಯ ಬರೆಸಿಟ್ಟರು. ಇತ್ತೀಚೆಗೆ ಯಾರ ಜೊತೆ ಏನು ಮಾತಾಡಿದೆ, ಯಾವ ಹಾಡು ಕೇಳಿದೆ, ಇಂಥವು. ಮೂರು ತಿಂಗಳ ನಂತರ ಇದನ್ನು ನೋಡಲು ಎಷ್ಟು ಕುತೂಹಲ ಇರಬಹುದು ಅಂತ ಆಗಲೇ ಅಂದಾಜು ಕೇಳಿದರು. ಮೂರು ತಿಂಗಳಾದ ಮೇಲೆ ನೋಡಿದರೆ ಅಂದಾಜಿಗಿಂತ ಜಾಸ್ತಿ ಕುತೂಹಲ ಇತ್ತು. ವಿಶೇಷ ದಿನಕ್ಕಿಂತ ಮಾಮೂಲಿ ದಿನದ ಬಗ್ಗೆಯೇ ಜನ ಹೆಚ್ಚು ತಪ್ಪು ಅಂದಾಜು ಮಾಡಿದ್ದರು.

ಮಕ್ಕಳ ಬಾಗಿಲಿನ ಬರಹಗಳನ್ನು ನಾನು ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವರು ಶಾಲೆ ಬಿಡುವ ದಿನ ವಾಪಸ್ ಕೊಡುತ್ತೇನೆ.

ಕಣ್ಣಳತೆ

ಬಿಡಿಹಾಳೆ, ನಿಮ್ಮ ನಿಯಮ ಇವತ್ತಿಂದ ನನ್ನದೂ. ಮೊದಲ ಸಾಲು: "ಪರೀಕ್ಷೆಗೆ ಬಂದ ಹುಡುಗ ಕನ್ನಡಕ ಹಾಕಿದ ಕೂಡಲೇ ಗೋಡೆಯ ಅಕ್ಷರ ಬಿಟ್ಟು ತನ್ನ ಅಮ್ಮನ ಮುಖ ನೋಡಿದ."

ರಾತ್ರಿಪಾಳಿ

ಮತ್ತೆ ಬಂದೆ. ಹನ್ನೆರಡು ದಿನ ಆಯಿತು. ನೀಲಿಶಾಯಿ ಅವರೇ, ನೀವು ಕೇಳಿದ್ದಿರಿ, ಒಂದು ರಾತ್ರಿ ಕೂರುವವರು ಯಾರಾದರೂ ಇದ್ದಾರಾ ಅಂತ. ಅಣ್ಣನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳಿರಲಿಲ್ಲ, ಅವನಾಗೇ ಕೇಳಲಿ ಅಂತ ಹಟ ಇತ್ತು. ಶನಿವಾರ ಬಂದ. ನಾನು ಪಕ್ಕದ ಕೋಣೆಯಲ್ಲಿ ಒಂಬತ್ತು ಗಂಟೆ ನಿದ್ದೆ ಮಾಡಿದೆ.

ಭಾನುವಾರ ಮಧ್ಯಾಹ್ನ ಅಮ್ಮನ ಪಕ್ಕ ಕೂತಿದ್ದೆ. ಅಮ್ಮನ ಬೆರಳು ಮಂಚದ ಅಂಚಿನ ಮೇಲೆ ಕುಟ್ಟುತ್ತಿತ್ತು. ಅದು ಯಾವಾಗಲೂ ಇರುವುದೇ. ನಡುಕ ಅಂದುಕೊಂಡು ನಾನು ಕೈ ಹಿಡಿದು ನಿಲ್ಲಿಸುತ್ತಿದ್ದೆ. ಅವತ್ತು ನಿಲ್ಲಿಸಲಿಲ್ಲ. ಕಣ್ಣಳತೆ ಅವರು ಹೇಳಿದ್ದರಲ್ಲ, ಜಾಗ ಬದಲಿಸಿ ಅಂತ. ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ. ಕೈ ನನ್ನ ಕಣ್ಣಿನ ಸಮಕ್ಕೆ ಬಂತು.

ಎಲ್ಲ ಬೆರಳೂ ಒಂದೇ ಸಮ ಆಡುತ್ತಿರಲಿಲ್ಲ. ಒಂದೊಂದೇ ಬೆರಳು ಇಳಿಯುತ್ತಿತ್ತು. ಕಿರುಬೆರಳು ಎಡಕ್ಕೆ ಚಾಚಿ ವಾಪಸ್ ಬರುತ್ತಿತ್ತು. ಹೆಬ್ಬೆರಳು ನಡುನಡುವೆ ಒಮ್ಮೆ ಕೆಳಗೆ ಒತ್ತುತ್ತಿತ್ತು. ಹೆಬ್ಬೆರಳಿನ ಒತ್ತು ನೋಡಿದಾಗ ಹೊಳೆಯಿತು. ಪದದಿಂದ ಪದಕ್ಕೆ ಜಾಗ ಬಿಡುವುದು. ಅಮ್ಮ ಮೂವತ್ತೊಂದು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು.

ಏನು ಟೈಪ್ ಮಾಡ್ತಿದ್ದೀಯಮ್ಮ ಅಂತ ಕೇಳಿದೆ. ಈಚೆಗೆ ಮಾತು ಕಡಿಮೆ. ಸುಮಾರು ಹೊತ್ತು ಬಿಟ್ಟು ಹೇಳಿದಳು, "ಪತ್ರ. ಮೊದಲು ದಿನಾಂಕ ಹಾಕ್ಬೇಕು."

ಅವತ್ತು ಕಥೆ ಗಿಥೆ ಏನೂ ಬರೆಯಲಿಲ್ಲ. ಒಂದು ಹಾಳೆ ತಗೊಂಡು ಮೇಲೆ ದಿನಾಂಕ ಹಾಕಿದೆ. ಬೆರಳು ಹೇಗೆ ಆಡುತ್ತಿತ್ತು ಅಂತ ಅರ್ಧ ಪುಟ ಬರೆದೆ. ಅಷ್ಟೇ. ನಾಲ್ಕು ವರ್ಷದಲ್ಲಿ ಇದೇ ಮೊದಲು. ಸಂತೋಷ ಅಂತ ಕರೆಯಲು ಇನ್ನೂ ಧೈರ್ಯ ಇಲ್ಲ. ಆದರೆ ಆಮೇಲೆ ನಾನು ಅಮ್ಮನ ಕೈ ಹಿಡಿದು ನಿಲ್ಲಿಸಿಲ್ಲ.

ನೀಲಿಶಾಯಿ

ಓದಿದೆ. ಎರಡು ಸಲ ಓದಿದೆ. ಪತ್ರ ಯಾರಿಗೆ ಅಂತ ಕೇಳಿದಿರಾ?

ರಾತ್ರಿಪಾಳಿ

ಇಲ್ಲ, ಆಗ ತೋಚಲಿಲ್ಲ. ಈಗ ಮಲಗಿದ್ದಾಳೆ. ನಾಲ್ಕು ಗಂಟೆಗೆ ಮಗ್ಗುಲು ಬದಲಿಸಬೇಕು, ಆಗ ಎಚ್ಚರ ಇದ್ದರೆ ಕೇಳುತ್ತೇನೆ.